ಹಸ್ತಪ್ರತಿಯಿಂದ ಛಾಯಾಪ್ರತಿಗೆ: ಒಂದು ಶತಮಾನದ ಅಕ್ಷರ ರಕ್ಷಣೆ

ಒಂದು ಧರ್ಮಕೇಂದ್ರವು ನೂರು ಸಂವತ್ಸರಗಳನ್ನು ಪೂರೈಸಿದಾಗ ಅದರ ಚರಿತ್ರೆಯನ್ನು ಬರೆದಿಡಬೇಕೆಂಬ ಹಂಬಲ ಎಲ್ಲರಲ್ಲಿಯೂ ಮೂಡುವುದು ಸಹಜವೇ ಆಗಿದೆ. ಆದರೆ ಆ ಚರಿತ್ರೆಗೆ ಆಧಾರವಾವುದು? ಹಿರಿಯರ ನೆನಪು ಎರಡು ಮೂರು ತಲೆಮಾರುಗಳಷ್ಟು ಹಿಂದಕ್ಕೆ ಹೋಗಬಲ್ಲದು. ಅದರಾಚೆಗೆ ನಮ್ಮನ್ನು ಕೈಹಿಡಿದು ನಡೆಸುವುವು ಕಾಗದದ ಮೇಲಿನ ಮಸಿಯ ಗೆರೆಗಳು ಮಾತ್ರ. ಜ್ಞಾನಸ್ನಾನದ ಪುಸ್ತಕ, ವಿವಾಹದ ಪುಸ್ತಕ, ಮರಣದ ಪುಸ್ತಕ, ಲೆಕ್ಕಪತ್ರಗಳು, ಧರ್ಮಾಧ್ಯಕ್ಷರ ಪತ್ರಗಳು ಇವೇ ಯಾವುದೇ ಧರ್ಮಕೇಂದ್ರದ ಚರಿತ್ರೆಗೆ ಮೂಲ ದ್ರವ್ಯಗಳು.

ಈ ದಾಖಲೆಗಳ ಪದ್ಧತಿಗೆ ನಾಲ್ಕೂವರೆ ಶತಮಾನಗಳ ಹಿನ್ನೆಲೆಯಿದೆ. ಟ್ರೆಂಟ್ ಮಹಾಸಭೆಯು 1563ರಲ್ಲಿ, ಪ್ರತಿಯೊಬ್ಬ ವಿಚಾರಣಾ ಗುರುವೂ ವಿವಾಹಗಳನ್ನು ಮತ್ತು ಜ್ಞಾನಸ್ನಾನದ ಸಾಕ್ಷಿಗಳ ಹೆಸರುಗಳನ್ನು ಪುಸ್ತಕದಲ್ಲಿ ಬರೆದು ಜೋಪಾನವಾಗಿ ಇಡತಕ್ಕದ್ದೆಂದು ವಿಧಿಸಿತು. 1614ರಲ್ಲಿ ಜಗದ್ಗುರು ಐದನೆಯ ಪೌಲರು ಹೊರಡಿಸಿದ ರೋಮನ್ ಸಂಸ್ಕಾರವಿಧಿಯು ಮರಣದ ದಾಖಲೆಗಳೇ ಮೊದಲಾದವುಗಳಿಗೆ ನಿಶ್ಚಿತವಾದ ಮಾದರಿಗಳನ್ನು ಕೊಟ್ಟಿತು. ಅಂದಿನಿಂದ ಇಂದಿನವರೆಗೆ ರಾಜಮಹಾರಾಜರ ಶಾಸನಗಳಲ್ಲಾಗಲಿ ಸರ್ಕಾರದ ಕಡತಗಳಲ್ಲಾಗಲಿ ಎಲ್ಲಿಯೂ ಹೆಸರಿಲ್ಲದ ಕೂಲಿಯಾಳು, ಒಕ್ಕಲಿಗ, ಬಡ ವಿಧವೆ, ಅನಾಥ ಮಗು ಇವರೆಲ್ಲರ ಹೆಸರುಗಳು ದೇವಾಲಯದ ಪುಸ್ತಕದಲ್ಲಿ ಉಳಿದುಕೊಂಡು ಬಂದಿವೆ.

ಆದರೆ ಪುಸ್ತಕವೂ ಮನುಷ್ಯನಂತೆ ನಶ್ವರವಾದುದು. ಗೆದ್ದಲು, ಬೂಷ್ಟು, ಮಳೆಗಾಲದ ತೇವ ಇವು ಹೊರಗಿನ ಶತ್ರುಗಳು. ಒಳಗಿನ ಶತ್ರುಗಳೂ ಉಂಟು. ಮಾಚಿಕಾಯಿ ಮತ್ತು ಕಬ್ಬಿಣದ ಲವಣದಿಂದ ತಯಾರಿಸುತ್ತಿದ್ದ ಹಳೆಯ ಮಸಿಯು ಕಾಲಕ್ರಮದಲ್ಲಿ ಕಾಗದವನ್ನೇ ಕೊರೆದು ತೂತು ಮಾಡುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಮರದ ತಿರುಳಿನಿಂದ ತಯಾರಾದ ಅಗ್ಗದ ಕಾಗದದಲ್ಲಿ ಆಮ್ಲದ ಅಂಶ ಸೇರಿರುವುದರಿಂದ, ಅದು ಹಳದಿಗಟ್ಟಿ, ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ. ಆದುದರಿಂದಲೇ ನಮ್ಮ ಕಾಲದಲ್ಲಿ ಒಂದು ಹೊಸ ವೃತ್ತಿಯು ಹುಟ್ಟಿಕೊಂಡಿದೆ. ಹಳೆಯ ಗ್ರಂಥಗಳನ್ನೂ ದಾಖಲೆಗಳನ್ನೂ ಪುಟಪುಟವಾಗಿ ಡಿಜಿಟಲ್ ಕ್ಯಾಮರಾದಲ್ಲಿ ಸೆರೆಹಿಡಿದು ಮುಂದಿನ ತಲೆಮಾರಿಗೆ ಉಳಿಸಿಕೊಡುವ ತಂತ್ರಜ್ಞರ ವೃತ್ತಿಯದು. ಅದು ಬೆಳೆದು ಬಂದ ದಾರಿಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸಲಾಗಿದೆ.

ಲಿಪಿಕಾರರ ಕೈಯಿಂದ ಕ್ಯಾಮರಾದ ಕಣ್ಣಿಗೆ

ಅಕ್ಷರಗಳನ್ನು ಪ್ರತಿ ಮಾಡಿ ಉಳಿಸುವ ಕೈಂಕರ್ಯವು ಧರ್ಮಸಭೆಗೆ ಹೊಸದೇನೂ ಅಲ್ಲ. ಆರನೆಯ ಶತಮಾನದಲ್ಲಿ ಇಟಲಿಯ ಕಸ್ಸಿಯೊದೋರುಸ್ ಎಂಬ ಪಂಡಿತರು ವಿವಾರಿಯುಮ್ ಎಂಬ ಮಠವನ್ನು ಸ್ಥಾಪಿಸಿ, ಶ್ರೀಗ್ರಂಥವನ್ನು ಪ್ರತಿ ಮಾಡುವವನು ಬಾಯಿ ತೆರೆಯದೆ ಕೈಯಿಂದಲೇ ಬೋಧಿಸುತ್ತಾನೆಂದು ಲಿಪಿಕಾರರನ್ನು ಪ್ರಶಂಸಿಸಿದರು. ಸಂತ ಬೆನೆಡಿಕ್ಟರ ಮಠಗಳು ಸಾವಿರ ವರ್ಷ ಇದೇ ಕಾರ್ಯವನ್ನು ನಡೆಸಿದವು. ಮುದ್ರಣ ಯಂತ್ರವು ಬರುವವರೆಗೆ ಒಂದು ಪುಸ್ತಕವು ಉಳಿಯಬೇಕಾದರೆ ಯಾರಾದರೊಬ್ಬರು ಚಳಿಯಲ್ಲಿ ಕುಳಿತು ಅದನ್ನು ಮತ್ತೊಮ್ಮೆ ಬರೆಯಲೇಬೇಕಾಗಿತ್ತು.

ಛಾಯಾಚಿತ್ರ ಕಲೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದು ಬಂದಾಗ ಅದರ ಪ್ರಯೋಜನವನ್ನು ಬೇಗನೆ ಗುರುತಿಸಿದವರಲ್ಲಿ ಜೆಸ್ವಿತ್ ಗುರು ಫ್ರಾನ್ಸ್ ಏರ್ಲೆಯವರು ಪ್ರಮುಖರು. 1895ರಿಂದ 1914ರವರೆಗೆ ವ್ಯಾಟಿಕನ್ ಗ್ರಂಥಾಲಯದ ಮುಖ್ಯಸ್ಥರಾಗಿದ್ದು, ತರುವಾಯ ಕಾರ್ಡಿನಲ್ ಪದವಿಗೇರಿದ ಇವರು, 1898ರಲ್ಲಿ ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲನ್ ನಗರದಲ್ಲಿ ಹಳೆಯ ಹಸ್ತಪ್ರತಿಗಳ ಸಂರಕ್ಷಣೆಗಾಗಿ ಅಂತರರಾಷ್ಟ್ರೀಯ ಸಮ್ಮೇಳನವೊಂದನ್ನು ಕರೆದರು. ಶಿಥಿಲವಾಗುತ್ತಿರುವ ಪ್ರತಿಗಳನ್ನು ದುರಸ್ತಿ ಮಾಡುವ ಬಗೆ ಹಾಗೂ ಅವುಗಳ ಛಾಯಾಚಿತ್ರಗಳನ್ನು ತೆಗೆದಿಡುವ ಅಗತ್ಯ ಅಂದಿನ ವಿದ್ವಾಂಸರ ಗಮನಕ್ಕೆ ಬಂದವು.

ಈ ಎಚ್ಚರಿಕೆಯು ಎಷ್ಟು ಸಕಾಲಿಕವಾಗಿತ್ತೆಂಬುದು ಆರೇ ವರ್ಷಗಳಲ್ಲಿ ರುಜುವಾತಾಯಿತು. 1904ರ ಜನವರಿ 25-26ರ ರಾತ್ರಿ ಇಟಲಿಯ ತೂರಿನ್ ನಗರದ ರಾಷ್ಟ್ರೀಯ ಗ್ರಂಥಾಲಯಕ್ಕೆ ಬೆಂಕಿ ಬಿದ್ದಿತು. ಅಲ್ಲಿ ಸುಟ್ಟುಹೋದ ಅಮೂಲ್ಯ ಕೃತಿಗಳ ಪೈಕಿ, ಚಿತ್ರಗಳಿಂದ ಅಲಂಕೃತವಾಗಿದ್ದ ಒಂದು ಜಪಗಳ ಪುಸ್ತಕವೂ ಇತ್ತು. ಅದರ ಕೆಲವು ಚಿತ್ರಗಳು ಮಹಾ ಚಿತ್ರಕಾರ ಯಾನ್ ವಾನ್ ಐಕನ ಕೈಕೆಲಸವಿರಬಹುದೆಂದು ವಿದ್ವಾಂಸರು ಭಾವಿಸುತ್ತಾರೆ. ಅದೃಷ್ಟವಶಾತ್, ಬೆಂಕಿಗೆ ಎರಡು ವರ್ಷ ಮೊದಲು, 1902ರಲ್ಲಿ, ಪೌಲ್ ದ್ಯುರಿಯೋ ಎಂಬ ಫ್ರೆಂಚ್ ವಿದ್ವಾಂಸರು ಅದರ ಚಿತ್ರಪುಟಗಳ ಛಾಯಾಪ್ರತಿಗಳನ್ನು ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ್ದರು. ಮೂಲದ ಬಣ್ಣಗಳು ಶಾಶ್ವತವಾಗಿ ಹೋದವು. ಕಪ್ಪು ಬಿಳುಪಿನ ಆ ಚಿತ್ರಗಳಷ್ಟೇ ಇಂದು ಜಗತ್ತಿಗೆ ಉಳಿದಿವೆ. ಹತ್ತು ವರ್ಷಗಳ ತರುವಾಯ, 1914ರ ಆಗಸ್ಟ್ ತಿಂಗಳಲ್ಲಿ, ಬೆಲ್ಜಿಯಮ್ಮಿನ ಲೂವೇನ್ ಕಥೋಲಿಕ ವಿಶ್ವವಿದ್ಯಾಲಯದ ಗ್ರಂಥಭಂಡಾರವು ಯುದ್ಧದ ಕಿಚ್ಚಿಗೆ ಆಹುತಿಯಾಯಿತು. ಲಕ್ಷಗಟ್ಟಲೆ ಪುಸ್ತಕಗಳು ಬೂದಿಯಾದವು. ಎರಡು ಬೆಂಕಿಗಳೂ ಕಲಿಸಿದ ಪಾಠ ಒಂದೇ: ಪ್ರತಿಯನ್ನು ಮಾಡಬೇಕಾದುದು ಅಪಾಯವು ಬಂದ ಮೇಲಲ್ಲ, ಅದು ಬರುವುದಕ್ಕೆ ಮೊದಲು.

ಮೊಂತೆ ಕಸ್ಸಿನೊ ಕಲಿಸಿದ ಪಾಠ

ಸಂತ ಬೆನೆಡಿಕ್ಟರು ಸುಮಾರು ಕ್ರಿ.ಶ. 529ರಲ್ಲಿ ಸ್ಥಾಪಿಸಿದರೆಂದು ಹೇಳಲಾಗುವ ಮೊಂತೆ ಕಸ್ಸಿನೊ ಮಠವು 1944ರ ಫೆಬ್ರವರಿ 15ರಂದು ವಿಮಾನ ದಾಳಿಗೆ ತುತ್ತಾಗಿ ನೆಲಸಮವಾಯಿತು. ಅದರ ಹಸ್ತಪ್ರತಿಗಳನ್ನು ಕೆಲವು ತಿಂಗಳುಗಳ ಹಿಂದೆಯಷ್ಟೇ ಲಾರಿಗಳಲ್ಲಿ ರೋಮಿನ ಕಡೆಗೆ ಸಾಗಿಸಿದ್ದರಿಂದ ಅವು ಉಳಿದವು. ಯುದ್ಧವು ಮುಗಿದ ಮೇಲೂ ಅಣುಬಾಂಬಿನ ಭಯ ಹೋಗಿರಲಿಲ್ಲ. ಒಂದೇ ದಿನದಲ್ಲಿ ಒಂದು ಖಂಡದ ಗ್ರಂಥಸಂಪತ್ತೆಲ್ಲ ನಾಶವಾಗಬಹುದೆಂಬ ಆತಂಕ ಆ ಕಾಲದ ವಿದ್ವಾಂಸರನ್ನು ಕಾಡುತ್ತಿತ್ತು.

ಈ ಆತಂಕದ ಫಲವಾಗಿ ಎರಡು ದೊಡ್ಡ ಕಾರ್ಯಗಳು ನಡೆದವು. ಮೊದಲನೆಯದಾಗಿ, ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಜೆಸ್ವಿತರು ಜಗದ್ಗುರು ಹನ್ನೆರಡನೆಯ ಪಿಯುಸರ ಅನುಮತಿ ಪಡೆದು, ನೈಟ್ಸ್ ಆಫ್ ಕೊಲಂಬಸ್ ಸಂಘದ ಧನಸಹಾಯದಿಂದ, 1951ರಿಂದ 1957ರವರೆಗೆ ವ್ಯಾಟಿಕನ್ ಗ್ರಂಥಾಲಯದ 30,000ಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿದರು. ಎರಡನೆಯದು, ಅಮೆರಿಕದ ಮಿನೆಸೋಟ ರಾಜ್ಯದ ಕಾಲೇಜ್‌ವಿಲ್ ಎಂಬಲ್ಲಿರುವ ಸಂತ ಯೋವಾನ್ನರ ಬೆನೆಡಿಕ್ಟೀನ್ ಮಠದ ಕಾರ್ಯ. 1856ರಲ್ಲಿ ಸ್ಥಾಪಿತವಾದ ಈ ಮಠದ ಸನ್ಯಾಸಿಗಳು ಯೂರೋಪಿನ ತಮ್ಮ ಸೋದರ ಮಠಗಳ ಗ್ರಂಥಗಳನ್ನು ಉಳಿಸಲು ಟೊಂಕ ಕಟ್ಟಿ ನಿಂತರು. ಗುರು ಆಲಿವರ್ ಕ್ಯಾಪ್ಸ್‌ನರ್ ಎಂಬವರು 1965ರಲ್ಲಿ ಆಸ್ಟ್ರಿಯದ ಕ್ರೆಮ್ಸ್‌ಮ್ಯೂನ್‌ಸ್ಟರ್ ಮಠದಲ್ಲಿ ಕ್ಯಾಮರಾವನ್ನು ಹೂಡಿ ಕೆಲಸವನ್ನು ಆರಂಭಿಸಿದರು. ಕ್ರಿ.ಶ. 777ರಲ್ಲಿ ಸ್ಥಾಪನೆಗೊಂಡ ಆ ಮಠದಲ್ಲಿ, ಸುಮಾರು 800ರ ಕಾಲಕ್ಕೆ ಸೇರಿದ ಶುಭಸಂದೇಶಗಳ ಸಚಿತ್ರ ಗ್ರಂಥವೊಂದು ಇಂದಿಗೂ ಇದೆ. ಹೀಗೆ ಹುಟ್ಟಿದ ಸಂಸ್ಥೆಯನ್ನು ಇಂದು ಹಿಲ್ ಮ್ಯೂಸಿಯಂ ಮತ್ತು ಹಸ್ತಪ್ರತಿ ಗ್ರಂಥಾಲಯವೆಂದು ಕರೆಯುತ್ತಾರೆ.

ಆಸ್ಟ್ರಿಯದ ಬಳಿಕ ಸ್ಪೇನ್, ಪೋರ್ಚುಗಲ್, ಜರ್ಮನಿ, ಇಂಗ್ಲೆಂಡ್ ದೇಶಗಳಿಗೂ ಕೆಲಸ ಹಬ್ಬಿತು. 1973ರಲ್ಲಿ ಮಾಲ್ಟಾ ದ್ವೀಪದಲ್ಲಿಯೂ ಇಥಿಯೋಪಿಯದಲ್ಲಿಯೂ ಅದು ಆರಂಭವಾಯಿತು. ಇಥಿಯೋಪಿಯದ ಕತೆ ವಿಶೇಷವಾಗಿ ಗಮನಾರ್ಹವಾದುದು. ಅಲ್ಲಿಯ ಕ್ರೈಸ್ತರು ಗೀಜ್ ಎಂಬ ತಮ್ಮ ಪ್ರಾಚೀನ ಭಾಷೆಯಲ್ಲಿ ಚರ್ಮಪತ್ರಗಳ ಮೇಲೆ ಬರೆದ ಗ್ರಂಥಗಳನ್ನು ಶತಮಾನಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಹನೋಕನ ಗ್ರಂಥವು ಪೂರ್ಣವಾಗಿ ಉಳಿದಿರುವುದು ಈ ಒಂದೇ ಭಾಷೆಯಲ್ಲಿ. ಕೆಲಸವು ಶುರುವಾದ ಮರುವರ್ಷವೇ, 1974ರಲ್ಲಿ, ಆ ದೇಶದಲ್ಲಿ ಕ್ರಾಂತಿಯಾಗಿ ಚಕ್ರವರ್ತಿ ಪದಚ್ಯುತರಾದರು. ಕಷ್ಟನಷ್ಟಗಳ ನಡುವೆಯೂ ಸುಮಾರು 9,000 ಹಸ್ತಪ್ರತಿಗಳು ಫಿಲ್ಮಿಗೆ ಇಳಿದವು. ಅವುಗಳನ್ನು ಓದಿ ವಿವರವಾದ ಸೂಚಿಗಳನ್ನು ಸಿದ್ಧಪಡಿಸಿದವರು ಗೆಟಾಚೆವ್ ಹೈಲೆ ಎಂಬ ಇಥಿಯೋಪಿಯದ ವಿದ್ವಾಂಸರು. 1975ರಲ್ಲಿ ಗುಂಡೇಟಿನಿಂದ ನಡೆಯುವ ಶಕ್ತಿಯನ್ನು ಕಳೆದುಕೊಂಡ ಅವರು ಮರುವರ್ಷ ಕಾಲೇಜ್‌ವಿಲ್‌ಗೆ ಬಂದು ನೆಲೆಸಿದರು. 2021ರಲ್ಲಿ ನಿಧನರಾಗುವವರೆಗೆ, ತಾವು ಬಿಟ್ಟುಬಂದ ತಾಯ್ನಾಡಿನ ಗ್ರಂಥಗಳ ಅಧ್ಯಯನವನ್ನೇ ತಮ್ಮ ಜೀವನವ್ರತವನ್ನಾಗಿ ಮಾಡಿಕೊಂಡಿದ್ದರು. ಬರಿಯ ಚಿತ್ರದಿಂದ ಪ್ರಯೋಜನವಿಲ್ಲ. ಅದನ್ನು ಓದಿ, ಇದು ಇಂತಹುದೆಂದು ಹೇಳಬಲ್ಲವರೂ ಬೇಕೆಂಬುದಕ್ಕೆ ಅವರ ಬಾಳೇ ನಿದರ್ಶನ.

ಕೆಲಸದ ಬಗೆ

2003ರಲ್ಲಿ ಈ ಸಂಸ್ಥೆಯ ಆಡಳಿತವನ್ನು ವಹಿಸಿಕೊಂಡವರು ಬೆನೆಡಿಕ್ಟೀನ್ ಗುರು ಕೊಲಂಬಾ ಸ್ಟೀವರ್ಟ್. ಅದೇ ವರ್ಷ ಲೆಬನಾನಿನಲ್ಲಿ ಡಿಜಿಟಲ್ ಕ್ಯಾಮರಾದ ಮೂಲಕ ಪ್ರತಿ ತೆಗೆಯುವ ಕೆಲಸ ಮೊದಲಾಯಿತು. ಪೂರ್ವದೇಶಗಳ ಕ್ರೈಸ್ತರ ಸಿರಿಯಾಕ್, ಅರಬ್ಬಿ, ಅರ್ಮೇನಿಯನ್ ಗ್ರಂಥಗಳ ಕಡೆಗೆ ಸಂಸ್ಥೆಯ ಗಮನ ಹರಿಯಿತು. ಇಲ್ಲಿ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಲಾಗುತ್ತದೆ. ಮೂಲ ಗ್ರಂಥವು ತನ್ನ ಸ್ಥಾನವನ್ನು ಬಿಟ್ಟು ಹೊರದೇಶಕ್ಕೆ ಹೋಗುವುದಿಲ್ಲ. ಅದರ ಒಡೆತನವು ಆಯಾ ಮಠಕ್ಕೆ ಅಥವಾ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಕ್ಯಾಮರಾವನ್ನು ಒದಗಿಸಿ, ಸ್ಥಳೀಯರಿಗೇ ತರಬೇತಿಯನ್ನು ಕೊಟ್ಟು, ಅವರ ಕೈಯಿಂದಲೇ ಕೆಲಸವನ್ನು ಮಾಡಿಸಲಾಗುತ್ತದೆ. ಒಂದು ಪ್ರತಿ ಮಾಲೀಕರಲ್ಲಿ, ಇನ್ನೊಂದು ಕಾಲೇಜ್‌ವಿಲ್‌ನಲ್ಲಿ ಉಳಿಯುತ್ತದೆ.

ಈ ತಂತ್ರಜ್ಞರ ದಿನಚರಿಯು ಹೊರಗಿನವರಿಗೆ ಬೇಸರವೆನಿಸಬಹುದು. ಗ್ರಂಥವನ್ನು ಪೂರ್ತಿ ಅಗಲಿಸಿ ಮಲಗಿಸಿದರೆ ಬೆನ್ನಿನ ಹೊಲಿಗೆ ಬಿಟ್ಟುಹೋಗುತ್ತದೆ. ಆದುದರಿಂದ ಅದನ್ನು ಕವಲಿನಾಕಾರದ ತೊಟ್ಟಿಲಿನಲ್ಲಿ, ಅದಕ್ಕೆ ನೋವಾಗದಷ್ಟೇ ತೆರೆದು ಒರಗಿಸುತ್ತಾರೆ. ಕ್ಯಾಮರಾವನ್ನು ಭದ್ರವಾದ ಕಂಬಕ್ಕೆ ಬಿಗಿದು ಪುಟಕ್ಕೆ ನೇರವಾಗಿ ನಿಲ್ಲಿಸುತ್ತಾರೆ. ಬಿಸಿಯನ್ನಾಗಲಿ ಅತಿನೇರಳೆ ಕಿರಣಗಳನ್ನಾಗಲಿ ಹೊರಸೂಸದ ದೀಪಗಳನ್ನು ಎಡಬಲಗಳಲ್ಲಿ ಸಮಾನ ದೂರದಲ್ಲಿಟ್ಟು, ಪುಟದ ಮೇಲೆ ಬೆಳಕು ಒಂದೇ ಸಮನಾಗಿ ಬೀಳುವಂತೆ ನೋಡಿಕೊಳ್ಳುತ್ತಾರೆ. ಜೊತೆಗೆ ಒಂದು ಅಳತೆಪಟ್ಟಿಯನ್ನೂ ಬಣ್ಣಗಳ ಮಾದರಿ ಪಟ್ಟಿಯನ್ನೂ ಇಟ್ಟು ಚಿತ್ರ ತೆಗೆಯುತ್ತಾರೆ. ಮುಂದೆ ಯಾರೇ ನೋಡಿದರೂ ಗ್ರಂಥದ ನಿಜವಾದ ಗಾತ್ರ ಮತ್ತು ಬಣ್ಣ ತಿಳಿಯಬೇಕೆಂಬುದೇ ಇದರ ಉದ್ದೇಶ. ಬಿಳಿಯ ಕೈಚೀಲ ತೊಟ್ಟು ಪುಟ ತಿರುವುವ ಚಿತ್ರಗಳನ್ನು ನಾವು ನೋಡಿರಬಹುದು. ವಾಸ್ತವದಲ್ಲಿ ಕಾಗದದ ಮತ್ತು ಚರ್ಮಪತ್ರದ ಗ್ರಂಥಗಳಿಗೆ ಚೆನ್ನಾಗಿ ತೊಳೆದು ಒರಸಿದ ಬರಿಗೈಯೇ ಉತ್ತಮವೆಂದು ತಜ್ಞರ ಅಭಿಪ್ರಾಯ. ಬಟ್ಟೆಯ ಕೈಚೀಲದಲ್ಲಿ ಸ್ಪರ್ಶಜ್ಞಾನ ಕುಂದಿ ಪುಟ ಹರಿಯುವ ಸಂಭವವೇ ಹೆಚ್ಚು.

ಮುಂದಿನ ರಟ್ಟಿನಿಂದ ಹಿಂದಿನ ರಟ್ಟಿನವರೆಗೆ, ಖಾಲಿ ಪುಟಗಳನ್ನೂ ಬಿಡದೆ, ಎಲ್ಲವನ್ನೂ ಕ್ರಮವಾಗಿ ತೆಗೆಯಬೇಕು. ಖಾಲಿ ಪುಟವನ್ನೇಕೆ ತೆಗೆಯಬೇಕೆಂದು ಕೇಳುವವರುಂಟು. ಒಂದು ಪುಟವನ್ನು ಬಿಟ್ಟರೆ ಅದು ಖಾಲಿಯಾಗಿತ್ತೋ ಕಳೆದುಹೋಯಿತೋ ಎಂಬುದು ಮುಂದಿನವರಿಗೆ ತಿಳಿಯದು. ಅಂಚಿನಲ್ಲಿ ಯಾರೋ ಬರೆದ ಒಂದು ಸಾಲು, ರಟ್ಟಿನ ಒಳಬದಿಯಲ್ಲಿ ಲಿಪಿಕಾರನು ಬರೆದುಕೊಂಡ ತನ್ನ ಹೆಸರು, ಬರಗಾಲದ ಒಂದು ಟಿಪ್ಪಣಿ ಇವು ಕೆಲವೊಮ್ಮೆ ಮೂಲಪಾಠಕ್ಕಿಂತಲೂ ಬೆಲೆಯುಳ್ಳ ಚರಿತ್ರೆಯಾಗುತ್ತವೆ. ತರುವಾಯ ಪ್ರತಿಯೊಂದು ಚಿತ್ರವನ್ನೂ ದೊಡ್ಡದು ಮಾಡಿ, ಅಕ್ಷರಗಳು ಸ್ಪಷ್ಟವಾಗಿ ಬಂದಿವೆಯೇ, ಪುಟ ತಪ್ಪಿದೆಯೇ ಎಂದು ಪರಿಶೀಲಿಸುತ್ತಾರೆ. ಕಡತಗಳಿಗೆ ಒಂದೇ ಕ್ರಮದ ಹೆಸರನ್ನು ಕೊಡುತ್ತಾರೆ. ಸಂಕೋಚಿಸದ ಮೂಲಚಿತ್ರವನ್ನು ಕಾಪಿಗೆಂದು ಬೇರೆಯಾಗಿಯೂ, ಹಗುರವಾದ ಪ್ರತಿಯನ್ನು ಓದುಗರಿಗೆಂದು ಬೇರೆಯಾಗಿಯೂ ಇಡುತ್ತಾರೆ. ಚೆಕ್‌ಸಮ್ ಎಂಬ ಗಣಿತದ ಗುರುತಿನಿಂದ, ಕಡತದಲ್ಲಿ ಒಂದು ಚುಕ್ಕೆಯಷ್ಟು ಬದಲಾದರೂ ಪತ್ತೆಹಚ್ಚುವ ಏರ್ಪಾಡಿದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಈ ವೃತ್ತಿಯವರ ರೂಢಿಯ ಸೂತ್ರ.

ಈ ಕೆಲಸದಲ್ಲಿ ಕೀರ್ತಿಯಿಲ್ಲ. ಓದುಗನಿಗೆ ಕಾಣುವುದು ಪುಟ ಮಾತ್ರ; ಅದನ್ನು ತಿರುವಿದ ಕೈ ಕಾಣುವುದಿಲ್ಲ. ಹಳೆಯ ಲಿಪಿಕಾರನಾದರೋ ಕೊನೆಯಲ್ಲಿ ತನ್ನ ಹೆಸರನ್ನು ಬರೆದು, ತನಗಾಗಿ ಪ್ರಾರ್ಥಿಸಿರೆಂದು ಬೇಡಿಕೊಳ್ಳುತ್ತಿದ್ದನು. ಇಂದಿನ ತಂತ್ರಜ್ಞನಿಗೆ ಅಷ್ಟು ಅವಕಾಶವೂ ಇಲ್ಲ.

ಮೊಸುಲ್ ನಗರದ ಸಾಕ್ಷ್ಯ

ಇಂತಹ ನಿಶ್ಶಬ್ದ ದುಡಿಮೆಯ ಬೆಲೆ ತಿಳಿದದ್ದು ಇರಾಕಿನ ಮೊಸುಲ್ ಪ್ರಾಂತ್ಯದಲ್ಲಿ. 1750ರಿಂದ ಡೊಮಿನಿಕನ್ ಸಭೆಯ ಗುರುಗಳು ಸೇವೆ ಸಲ್ಲಿಸಿದ ಆ ನಗರದಲ್ಲಿ, ಅದೇ ಸಭೆಯ ಗುರು ನಜೀಬ್ ಮಿಖಾಯೆಲರು 1990ರಲ್ಲಿ ಪೌರಸ್ತ್ಯ ಹಸ್ತಪ್ರತಿಗಳ ಕೇಂದ್ರವೊಂದನ್ನು ಸ್ಥಾಪಿಸಿದರು. ಸುತ್ತಮುತ್ತಲಿನ ದೇವಾಲಯಗಳ ಮತ್ತು ಮಠಗಳ ಗ್ರಂಥಗಳನ್ನು ಒಂದೊಂದಾಗಿ ಚಿತ್ರೀಕರಿಸತೊಡಗಿದರು. ಮುಂದೆ ಕಾಲೇಜ್‌ವಿಲ್‌ನ ಬೆನೆಡಿಕ್ಟೀನರೂ ಈ ಕಾರ್ಯಕ್ಕೆ ಕೈಜೋಡಿಸಿದರು. ಮೊಸುಲಿನಲ್ಲಿ ಅಪಾಯ ಹೆಚ್ಚಿದಾಗ ಗ್ರಂಥಗಳನ್ನು ಸಮೀಪದ ಕರಕೋಶ್ ಪಟ್ಟಣಕ್ಕೆ ಸಾಗಿಸಲಾಯಿತು.

2014ರ ಜೂನ್ ತಿಂಗಳಲ್ಲಿ ಮೊಸುಲ್ ನಗರವು ಐಸಿಸ್ ಉಗ್ರರ ವಶವಾಯಿತು. ಗುರು ನಜೀಬರು ಬಹುಪಾಲು ಗ್ರಂಥಗಳನ್ನು ಮುಂಚಿತವಾಗಿಯೇ ಎರ್ಬಿಲ್ ನಗರಕ್ಕೆ ಕಳುಹಿಸಿದರು. ಆಗಸ್ಟ್ 6-7ರ ರಾತ್ರಿ ಕರಕೋಶ್ ಪಟ್ಟಣವೂ ಬರಿದಾಯಿತು. ಸಾವಿರಾರು ಕುಟುಂಬಗಳು ಉಟ್ಟ ಬಟ್ಟೆಯಲ್ಲಿಯೇ ಓಡಿದವು. ಉಳಿದಿದ್ದ ಗ್ರಂಥಗಳನ್ನು ವಾಹನಗಳಲ್ಲಿ ಹೇರಿಕೊಂಡು ಹೊರಟ ಅವರು, ದಾರಿಯಲ್ಲಿ ವಾಹನವನ್ನು ಬಿಟ್ಟು ನಡೆಯಬೇಕಾಗಿ ಬಂದಾಗ, ಓಡುತ್ತಿದ್ದ ಜನರ ಕೈಗಳಿಗೇ ಪುಸ್ತಕಗಳನ್ನು ಒಪ್ಪಿಸಿ ಗಡಿ ದಾಟಿಸಿದರೆಂಬ ಸಂಗತಿಯನ್ನು ಅವರೇ ತರುವಾಯ ಹೇಳಿದ್ದಾರೆ. ಮನೆಮಾರುಗಳನ್ನು ಕಳೆದುಕೊಂಡವರು ತಮ್ಮದಲ್ಲದ ಪುಸ್ತಕಗಳನ್ನು ಎದೆಗವಚಿಕೊಂಡು ನಡೆದರು! ಎರ್ಬಿಲ್ಲಿನಲ್ಲಿ ನಿರಾಶ್ರಿತ ತರುಣರಿಗೇ ತರಬೇತಿಯನ್ನಿತ್ತು ಚಿತ್ರೀಕರಣದ ಕೆಲಸವನ್ನು ಮುಂದುವರಿಸಲಾಯಿತು. 2019ರಲ್ಲಿ ಗುರು ನಜೀಬರು ಮೊಸುಲಿನ ಕಲ್ದೇಯ ಮಹಾಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು.

ಸಮೀಪದ ಮಾರ್ ಬೆಹ್ನಾಮ್ ಮಠದಲ್ಲಿ ನಡೆದುದೂ ಸ್ಮರಣೀಯ. ಅಲ್ಲಿಯ ಗ್ರಂಥಗಳ ಚಿತ್ರೀಕರಣವು ಆಗಿತ್ತು. ಉಗ್ರರು ಬರುವ ಮುನ್ನ ಮಠದ ಗುರುಗಳು ಮೂಲ ಗ್ರಂಥಗಳನ್ನು ಲೋಹದ ಪೀಪಾಯಿಗಳಲ್ಲಿ ತುಂಬಿ, ಗೋಡೆ ಕಟ್ಟಿ ಮರೆಮಾಡಿದರು. 2015ರಲ್ಲಿ ಸಂತರ ಸಮಾಧಿಯನ್ನು ಸ್ಫೋಟಿಸಲಾಯಿತು; ಆದರೆ ಗೋಡೆಯ ಹಿಂದಿನ ಗ್ರಂಥಗಳು ಯಾರ ಕಣ್ಣಿಗೂ ಬೀಳದೆ, 2016ರ ಕೊನೆಯಲ್ಲಿ ಪ್ರದೇಶವು ಬಿಡುಗಡೆಯಾದಾಗ ಸುರಕ್ಷಿತವಾಗಿ ದೊರೆತವು.

ಸುಟ್ಟವರೂ ಉಳಿಸಿದವರೂ

ಗ್ರಂಥನಾಶದ ಹೊಣೆಯನ್ನೆಲ್ಲ ಪರರ ಮೇಲೆಯೇ ಹೊರಿಸುವುದು ಚರಿತ್ರೆಗೆ ನ್ಯಾಯವಾಗದು. ನಮ್ಮ ನೆರೆಯ ಕೇರಳದಲ್ಲಿ, ಪ್ರೇಷಿತ ಸಂತ ತೋಮರ ಪರಂಪರೆಯವರೆಂದು ಹೇಳಿಕೊಳ್ಳುವ ಪುರಾತನ ಕ್ರೈಸ್ತರಲ್ಲಿ ಸಿರಿಯಾಕ್ ಭಾಷೆಯ ಗ್ರಂಥಗಳು ಹೇರಳವಾಗಿದ್ದವು. 1599ರ ಜೂನ್ ತಿಂಗಳಲ್ಲಿ ಗೋವೆಯ ಮಹಾಧರ್ಮಾಧ್ಯಕ್ಷ ಅಲೇಷು ದೆ ಮೆನೆಜೆಸರು ಉದಯಂಪೇರೂರಿನಲ್ಲಿ ನಡೆಸಿದ ಧರ್ಮಸಮ್ಮೇಳನವು, ಅಬದ್ಧ ಬೋಧನೆಯುಳ್ಳವೆಂದು ಕಂಡ ಅನೇಕ ಗ್ರಂಥಗಳನ್ನು ತಿದ್ದಲು ಇಲ್ಲವೇ ಸುಡಲು ಆಜ್ಞಾಪಿಸಿತು. ಸತ್ಯವನ್ನು ಕಾಪಾಡುತ್ತಿದ್ದೇವೆಂಬ ನಂಬಿಕೆಯಿಂದಲೇ ನಮ್ಮವರು ನಮ್ಮವರ ಪುಸ್ತಕಗಳನ್ನು ಬೆಂಕಿಗೆ ಹಾಕಿದರು. ಆ ಬೆಂಕಿಯಿಂದ ತಪ್ಪಿಸಿಕೊಂಡ ಹಾಗೂ ಆ ಬಳಿಕ ಬರೆಯಲ್ಪಟ್ಟ ಸಿರಿಯಾಕ್ ಮತ್ತು ಮಲಯಾಳ ಗ್ರಂಥಗಳನ್ನು, ತಾಳೆಗರಿಗಳನ್ನು, 2000ದ ದಶಕದಿಂದ ಈಚೆಗೆ ಹಂಗೇರಿಯ ವಿದ್ವಾಂಸ ಇಷ್ಟ್ವಾನ್ ಪೆರ್ಟ್ಸೆಲರು ಕೇರಳದ ಹಲವು ಕ್ರೈಸ್ತ ಪಂಗಡಗಳವರ ಮತ್ತು ಕಾಲೇಜ್‌ವಿಲ್ ಸಂಸ್ಥೆಯವರ ಸಹಕಾರದೊಡನೆ ಡಿಜಿಟಲ್ ಚಿತ್ರಗಳಲ್ಲಿ ಸಂರಕ್ಷಿಸಿದ್ದಾರೆ. ನಾಲ್ಕು ಶತಮಾನಗಳ ಹಿಂದಿನ ಒಂದು ಗಾಯಕ್ಕೆ ಇದೊಂದು ಬಗೆಯ ಶುಶ್ರೂಷೆಯೆನ್ನಬಹುದು.

ಅಂತೆಯೇ, 2012ರಲ್ಲಿ ಆಫ್ರಿಕದ ಮಾಲಿ ದೇಶದ ಟಿಂಬಕ್ಟು ನಗರವು ಉಗ್ರರ ಕೈವಶವಾದಾಗ, ಅಬ್ದುಲ್ ಕಾದರ್ ಹೈದರಾ ಎಂಬ ಗ್ರಂಥಪಾಲಕರು ಮನೆಮನೆಗಳಲ್ಲಿದ್ದ ಇಸ್ಲಾಮಿ ಹಸ್ತಪ್ರತಿಗಳನ್ನು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ ಗುಟ್ಟಾಗಿ ರಾಜಧಾನಿ ಬಮಾಕೋಗೆ ಸಾಗಿಸಿದರು. 2013ರಿಂದ ಅವುಗಳ ಚಿತ್ರೀಕರಣಕ್ಕೆ ನೆರವಾದವರು ಅದೇ ಬೆನೆಡಿಕ್ಟೀನರು. ಮುಸಲ್ಮಾನರ ಗ್ರಂಥಗಳಿಗೆ ಕ್ರೈಸ್ತ ಸನ್ಯಾಸಿಗಳ ಕಾವಲು! ನೆರೆಯವನ ನೆನಪನ್ನು ಉಳಿಸುವುದೂ ನೆರೆಯವನನ್ನು ಪ್ರೀತಿಸುವ ಒಂದು ಮಾರ್ಗವೇ ಅಲ್ಲವೇ?

ಅಳಿಸಿದ ಅಕ್ಷರಗಳು ಕಂಡಾಗ

ಡಿಜಿಟಲ್ ಚಿತ್ರವು ಕಣ್ಣಿಗೆ ಕಾಣುವುದನ್ನು ಉಳಿಸುವುದಲ್ಲದೆ, ಕಾಣದುದನ್ನೂ ಕೆಲವೊಮ್ಮೆ ತೋರಿಸುತ್ತದೆ. ಹಿಂದಿನ ಕಾಲದಲ್ಲಿ ಚರ್ಮಪತ್ರವು ದುಬಾರಿಯಾಗಿದ್ದುದರಿಂದ ಹಳೆಯ ಬರಹವನ್ನು ಕೆರೆದು ಅಳಿಸಿ, ಅದರ ಮೇಲೆಯೇ ಹೊಸದನ್ನು ಬರೆಯುತ್ತಿದ್ದರು. ಅತಿನೇರಳೆ ಬೆಳಕಿನಲ್ಲಿ ಚಿತ್ರ ತೆಗೆದಾಗ ಅಳಿಸಿದ ಮಸಿಯ ಗುರುತುಗಳು ಮತ್ತೆ ಮೇಲೆದ್ದು ಬರುತ್ತವೆ. ವ್ಯಾಟಿಕನ್ ಗ್ರಂಥಾಲಯದಲ್ಲಿದ್ದ ಇಂತಹ ಒಂದು ಗ್ರಂಥದ ಚಿತ್ರಗಳನ್ನು ಪರಿಶೀಲಿಸಿದ ಗ್ರಿಗರಿ ಕೆಸೆಲ್ ಎಂಬ ವಿದ್ವಾಂಸರು, ಮತ್ತಾಯನ ಶುಭಸಂದೇಶದ ಪ್ರಾಚೀನ ಸಿರಿಯಾಕ್ ಅನುವಾದದ ಒಂದು ತುಣುಕನ್ನು ಕಂಡುಹಿಡಿದರೆಂಬ ವಾರ್ತೆ 2023ರಲ್ಲಿ ಪ್ರಕಟವಾಯಿತು. ಹನ್ನೆರಡನೆಯ ಅಧ್ಯಾಯದಲ್ಲಿ, ಸಬ್ಬತ್ ದಿನ ಶಿಷ್ಯರು ತೆನೆಗಳನ್ನು ಕಿತ್ತು ತಿಂದ ಪ್ರಸಂಗವಿದೆಯಷ್ಟೆ. ಅವರು ತೆನೆಗಳನ್ನು ಕೈಗಳಲ್ಲಿ ಉಜ್ಜಿಕೊಂಡರೆಂಬ ವಿವರವು ಈ ಅನುವಾದದಲ್ಲಿ ದೊರೆಯುತ್ತದೆ.

ವ್ಯಾಟಿಕನ್ ಗ್ರಂಥಾಲಯದಲ್ಲಿ ಸುಮಾರು 80,000 ಹಸ್ತಪ್ರತಿಗಳಿವೆ. 2014ರಲ್ಲಿ ಜಪಾನಿನ ಎನ್‌ಟಿಟಿ ಡೇಟಾ ಸಂಸ್ಥೆಯೊಡನೆ ಒಪ್ಪಂದವಾಗಿ, ಮೊದಲ ಹಂತದಲ್ಲಿ 3,000 ಹಸ್ತಪ್ರತಿಗಳ ಡಿಜಿಟಲೀಕರಣವನ್ನು ಕೈಗೊಳ್ಳಲಾಯಿತು. ಚಿತ್ರಗಳನ್ನು ದೀರ್ಘಕಾಲ ಕಾಪಾಡಲು ಆ ಗ್ರಂಥಾಲಯವು ಆರಿಸಿಕೊಂಡದ್ದು ಖಗೋಳ ವಿಜ್ಞಾನಿಗಳು ನಕ್ಷತ್ರಗಳ ಚಿತ್ರಗಳಿಗಾಗಿ ಬಳಸುವ ಫಿಟ್ಸ್ ಎಂಬ ಕಡತ ವಿಧಾನವನ್ನು. ಯಾವ ಒಂದು ಕಂಪನಿಗೂ ಸೇರದ, ಹಳೆಯ ಕಡತವನ್ನು ಮುಂದೆಯೂ ತೆರೆಯಬಹುದಾದ ವಿಧಾನವಾದುದೇ ಈ ಆಯ್ಕೆಗೆ ಕಾರಣ.

ನಮ್ಮ ನಾಡಿನಲ್ಲಿ

ಒಂದೇ ಒಂದು ಪ್ರತಿ ಉಳಿದರೂ ಎಂತಹ ಲಾಭವೆಂಬುದಕ್ಕೆ ಕರ್ನಾಟಕವೇ ಸಾಕ್ಷಿ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಪಂಡಿತರೊಬ್ಬರು ತಂದೊಪ್ಪಿಸಿದ ತಾಳೆಗರಿಯ ಕಟ್ಟೊಂದರಲ್ಲಿ, 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಮುದ್ರಣಗೊಂಡು ಭಾರತದ ಚರಿತ್ರೆಯ ತಿಳಿವಳಿಕೆಯನ್ನೇ ಬದಲಿಸಿತು. ಬೆಂಗಳೂರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಬಿ. ಎಲ್. ರೈಸ್ ಅವರು ಹಳ್ಳಿಹಳ್ಳಿಗಳಲ್ಲಿ ಶಾಸನಗಳನ್ನು ಪ್ರತಿ ಮಾಡಿಸಿ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಪ್ರಕಟಿಸಿದರು. ಅವರು ಕಂಡ ಕಲ್ಲುಗಳ ಪೈಕಿ ಎಷ್ಟೋ ಇಂದು ರಸ್ತೆ, ಕಟ್ಟಡಗಳ ಅಡಿ ಸೇರಿಹೋಗಿವೆ. ಉಳಿದವುಗಳಿಗಾಗಿ ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಮೂರು ಆಯಾಮಗಳ ಸ್ಕ್ಯಾನಿಂಗ್ ಕಾರ್ಯವನ್ನು ಆರಂಭಿಸಿತು.

ಕಥೋಲಿಕರಾದ ನಮಗೂ ಇಲ್ಲಿ ಪಾಲುಂಟು. ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಬುನಾದಿ ಹಾಕಿದ ಜೆಸ್ವಿತ್ ಗುರು ಲಿಯೊನಾರ್ಡೊ ಚಿನ್ನಾಮಿಯವರು ಕನ್ನಡದಲ್ಲಿ ಧರ್ಮೋಪದೇಶವನ್ನೂ ಕನ್ನಡದ ವ್ಯಾಕರಣವನ್ನೂ ರಚಿಸಿದರೆಂದು ಹೇಳಲಾಗುತ್ತದೆ. ಮೈಸೂರು ಪ್ರಾಂತ್ಯದ ಧರ್ಮಾಧ್ಯಕ್ಷರಾಗಿದ್ದ ಶಾರ್ಬೊನೋ ಅವರ ಲ್ಯಾಟಿನ್-ಕನ್ನಡ ನಿಘಂಟು 1861ರಲ್ಲಿ ಬೆಂಗಳೂರಿನಲ್ಲಿಯೇ ಅಚ್ಚಾಯಿತು. ಇಂತಹ ಗ್ರಂಥಗಳ ಜೊತೆಗೆ, ಹಳೆಯ ಧರ್ಮಕೇಂದ್ರಗಳ ಬೀರುಗಳಲ್ಲಿ ಕೈಬರಹದ ಜಪಗಳು, ಕೀರ್ತನೆಗಳು, ಪಾಸ್ಕ ಕಾಲದ ನಾಟಕಗಳು, ಲ್ಯಾಟಿನ್ ದಾಖಲೆಗಳು ಇರುವುದುಂಟು. ಇವುಗಳಿಗೆ ಎರಡನೆಯ ಪ್ರತಿ ಎಲ್ಲಿದೆ?

ನಮ್ಮ ಮುಂದಿರುವ ಹೊಣೆ

ಧರ್ಮಸಭೆಯ 1983ರ ಕಾನೂನು ಸಂಹಿತೆಯ 535ನೆಯ ವಿಧಿಯು, ಪ್ರತಿ ಧರ್ಮಕೇಂದ್ರದಲ್ಲಿಯೂ ದಾಖಲೆ ಪುಸ್ತಕಗಳಿರಬೇಕೆಂದೂ, ಹಳೆಯ ಪುಸ್ತಕಗಳನ್ನು ಸಹ ಎಚ್ಚರಿಕೆಯಿಂದ ಕಾಪಾಡಬೇಕೆಂದೂ ಹೇಳುತ್ತದೆ. ಆದುದರಿಂದ ಇದು ಹವ್ಯಾಸಿಗಳ ಆಸಕ್ತಿಗೆ ಬಿಟ್ಟ ವಿಷಯವಲ್ಲ, ಇದೊಂದು ಕರ್ತವ್ಯ.

ಈ ಕರ್ತವ್ಯವನ್ನು ನಿರ್ವಹಿಸುವಾಗ ಕೆಲವು ವಿಚಾರಗಳನ್ನು ಮನಸ್ಸಿನಲ್ಲಿಡುವುದು ಮೇಲು. ಚಿತ್ರವು ಗ್ರಂಥದ ಸ್ಥಾನವನ್ನು ತುಂಬಲಾರದು. ಕಾಗದದ ನೀರುಗುರುತು, ಹೊಲಿಗೆ, ಸ್ಪರ್ಶ, ವಾಸನೆ ಇವು ಮೂಲದಲ್ಲಿಯೇ ಉಳಿಯುತ್ತವೆ. ಚಿತ್ರ ತೆಗೆದಾಯಿತೆಂದು ಮೂಲವನ್ನು ಮೂಲೆಗೆ ಎಸೆಯುವುದು ಮಹಾಪರಾಧ. ಎರಡನೆಯದಾಗಿ, ಡಿಜಿಟಲ್ ಕಡತವೂ ಅಮರವಲ್ಲ. ಡಿಸ್ಕ್ ಕೆಡುತ್ತದೆ, ಯಂತ್ರ ಹಳತಾಗುತ್ತದೆ. ಚರ್ಮಪತ್ರವು ಸಾವಿರ ವರ್ಷ ಸುಮ್ಮನೆ ಮಲಗಿದ್ದು ಬದುಕಬಲ್ಲದು. ಡಿಜಿಟಲ್ ಪ್ರತಿಯನ್ನಾದರೋ ಕೆಲವು ವರ್ಷಗಳಿಗೊಮ್ಮೆ ಹೊಸ ಸಾಧನಕ್ಕೆ ವರ್ಗಾಯಿಸುತ್ತಲೇ ಇರಬೇಕು. ಮಠದ ಲಿಪಿಕಾರನ ಕೆಲಸವು ಮುಗಿಯಲಿಲ್ಲ, ರೂಪವಷ್ಟೇ ಬದಲಾಯಿತು. ಮೂರನೆಯದಾಗಿ, ದಾಖಲೆ ಪುಸ್ತಕಗಳಲ್ಲಿ ಜನರ ಖಾಸಗಿ ಸಂಗತಿಗಳಿರುತ್ತವೆ. ಅವುಗಳ ಚಿತ್ರಗಳನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಹರಡತಕ್ಕದ್ದಲ್ಲ. ಧರ್ಮಾಧ್ಯಕ್ಷರ ಅನುಮತಿಯಿಂದ, ಅವರ ಕಾರ್ಯಾಲಯದ ನಿಯಮಗಳಿಗೆ ಅನುಸಾರವಾಗಿಯೇ ಈ ಕೆಲಸ ನಡೆಯಬೇಕು. ಜೇಬಿನ ಫೋನಿನಲ್ಲಿ ಅವಸರವಾಗಿ ತೆಗೆದ ಚಿತ್ರವು ಕೆಡುಗಾಲಕ್ಕೆ ಆದೀತು. ಆದರೆ ಬೆಳಕು, ಅಳತೆ, ಕ್ರಮ, ಹೆಸರು ಇವುಗಳನ್ನು ಬಲ್ಲವರಿಂದ ಮಾಡಿಸಿದ ಪ್ರತಿಯೇ ಬಹುಕಾಲ ನಿಲ್ಲುವಂಥದು. ನಮ್ಮ ಯುವಕ ಯುವತಿಯರ ಪೈಕಿ ಕಂಪ್ಯೂಟರ್ ವಿದ್ಯೆಯನ್ನು ಕಲಿತವರು ಬಹಳ ಮಂದಿಯಿದ್ದಾರೆ. ಅವರಲ್ಲಿ ಕೆಲವರಾದರೂ ಈ ವೃತ್ತಿಯ ಕಡೆಗೆ ಮನಸ್ಸು ಹರಿಸಿದರೆ ಅದು ನಾಡಿಗೂ ಧರ್ಮಸಭೆಗೂ ಸಲ್ಲಿಸಿದ ಸೇವೆಯಾದೀತು.

ಮನೆಗಳಲ್ಲಿರುವ ಹಳೆಯ ಜಪದ ಪುಸ್ತಕಗಳು, ಮದುವೆಯ ಛಾಯಾಚಿತ್ರಗಳು, ಅಜ್ಜ ಅಜ್ಜಿಯರ ಕೈಬರಹದ ಪತ್ರಗಳು ಇವನ್ನೂ ರದ್ದಿಗೆ ಹಾಕುವ ಮುನ್ನ ಒಮ್ಮೆ ಯೋಚಿಸಬೇಕೆಂದು ಕ್ರೈಸ್ತ ಬಾಂಧವರಲ್ಲಿ ವಿನಂತಿ. ಇಂದು ನಾವು ನೂರು ವರ್ಷಗಳ ಹಿಂದಿನವರ ಹೆಸರುಗಳನ್ನು ಓದಬಲ್ಲೆವಾದರೆ, ಯಾರೋ ಒಬ್ಬರು ಅವನ್ನು ಶ್ರದ್ಧೆಯಿಂದ ಬರೆದರು, ಇನ್ನಾರೋ ಗೆದ್ದಲಿನಿಂದ ಕಾಪಾಡಿದರು. ಅವರಾರಿಗೂ ನಮ್ಮ ಪರಿಚಯವಿರಲಿಲ್ಲ. ಮುಂದಿನ ಶತಮಾನೋತ್ಸವವನ್ನು ಆಚರಿಸುವವರ ಪರಿಚಯ ನಮಗೂ ಇಲ್ಲ. ಅವರ ಕೈಗೆ ಈ ಹೆಸರುಗಳನ್ನು ಒಂದು ಅಕ್ಷರವೂ ಅಳಿಯದಂತೆ ದಾಟಿಸುವ ಬುದ್ಧಿಯನ್ನೂ ತಾಳ್ಮೆಯನ್ನೂ ಸರ್ವೇಶ್ವರನು ನಮಗೆಲ್ಲರಿಗೂ ದಯಪಾಲಿಸಲಿ.